ಹೊಸ್ತಿಲಿಲ್ಲದ ಜನತಾ ಮನೆ

ಇರಕಲ್ಲಗಡ, ೧೯೭೯

ಅವ್ವ,

ನೀನು ಗುಡಿಸಲಿನಲ್ಲಿ ತೀರಿಕೊಂಡ ಮೇಲೆ ಇವತ್ತು ನಮ್ಮ ಜನತಾ ಮನೆ ನೋಡಲು ಸಾಹೇಬರು ಬಂದಿದ್ದರು. ಮನೆಯಿಲ್ಲದವರಿಗೆಂದು ಸರ್ಕಾರ ಕಟ್ಟಿಸಿದ ಮನೆಯಲ್ಲಿ ಆಡು ಕಟ್ಟಿದ್ದನ್ನು ಕಂಡು ಸಿಟ್ಟಾದರು.

“ಯಾರೂ ಇರಂಗಿಲ್ಲಂದ್ರ ಬ್ಯಾರೇದವ್ರಿಗೆ ಕೊಡ್ತೀವಿ.”

ಪಕ್ಕದ ಮನೆಯ ಮಾರೆವ್ವ ಸುಮ್ಮನಿರಲಿಲ್ಲ. “ಬಾಗಲಕ್ಕ ಹೊಸ್ತಿಲನ ಇಲ್ರೀ ಸಾಹೇಬ್ರ. ಹೊಸ್ತಿಲ ಪೂಜಿ ಮಾಡ್ಲಾರ್ದ ಮನಿ ಹೊಕ್ಕೋತಾರೇನ್ರಿ? ಇವನವ್ವ ದುರುಗವ್ವ ಮೊದ್ಲಿಂದ ಇದನ್ನ ಹೇಳ್ತಿದ್ಳು.”

ನೀನು ಹೇಳಿದಾಗಲೆಲ್ಲ ನಾನು ನಕ್ಕುಬಿಡುತ್ತಿದ್ದದ್ದು ನಿನಗೆ ಗೊತ್ತೇ ಇದೆ. ಸಾಹೇಬರು ನಗಲಿಲ್ಲ. ನಕ್ಷೆ ಬಿಚ್ಚಿ ನೋಡಿದರು. ಅದರಲ್ಲಿ ಹೊಸ್ತಿಲಿತ್ತು, ಸರ್ಕಾರ ಅದಕ್ಕೂ ರೊಕ್ಕ ಕೊಟ್ಟಿತ್ತು. ಇಡೀ ಸಾಲಿನ ಬಾಗಿಲುಗಳನ್ನು ನೋಡಿಕೊಂಡು ಬಂದರು. ಒಂದಕ್ಕೂ ಇರಲಿಲ್ಲ.

ಜೊತೆಗಿದ್ದ ಗುತ್ತಿಗೆದಾರನಿಗೆ, “ಎಲ್ಲಾ ಮನಿಗೂ ಹೊಸ್ತಿಲ ಕೂಡಸು. ಅಲ್ಲೀತನಕ ನಿನ್ನ ಬಾಕಿ ಬಿಲ್ಲಿಗೆ ಸಹಿ ಹಾಕಂಗಿಲ್ಲ,” ಎಂದರು.

ಜೀಪು ಹತ್ತುವ ಮುಂಚೆ ನನ್ನ ಕಡೆ ತಿರುಗಿದರು. “ಪಕೀರಪ್ಪ, ಈ ಮನಿ ನಿಮ್ಮವ್ವನ ಹೆಸರಿಗೈತಿ. ಹೊಸ್ತಿಲ ಕೂಡಿಸಿದ ಮ್ಯಾಲರ ಆಕಿ ಬಂದು ಇರ್ತಾಳಿಲ್ಲೋ?”

ಮಾರೆವ್ವ ನನ್ನ ಮುಖ ನೋಡಿದಳು. ನಾನು ಆಡಿನ ಹಗ್ಗ ಬಿಚ್ಚತೊಡಗಿದೆ.