ತಾಯಿ ಹೊರಗಿತ್ತು

ನೋಮಿ,
೨೦೨೨ರ ನವೆಂಬರ್ ಕೊನೆ

ಕಿತಾಮುರಾ ಸಾನ್ ಅವರಿಗೆ,

ನಿಮ್ಮ ಬಿಶಾ ಮಾಡುವ ನಮಸ್ಕಾರಗಳು. ವಿಶಾಲಾಕ್ಷಿ ಎಂಬ ನನ್ನ ಉದ್ದದ ಹೆಸರು ನಿಮ್ಮ ಬಾಯಲ್ಲಿ ಬಿಶಾ ಸಾನ್ ಆದದ್ದನ್ನು ಕೇಳಿ ಮೈಸೂರಿನಲ್ಲಿ ನನ್ನ ಅಮ್ಮ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು. ಈ ಕಾಗದ ಕನ್ನಡದಲ್ಲಿದೆ. ನೀವು ಬದುಕಿದ್ದರೂ ಇದನ್ನು ಓದಲಾಗುತ್ತಿರಲಿಲ್ಲ; ಈಗಂತೂ ನೀವು ತೀರಿಕೊಂಡು ಒಂದೂವರೆ ವರ್ಷವಾಯಿತು. ಜಪಾನಿ ಭಾಷೆಯಲ್ಲೇ ಬರೆಯೋಣವೆಂದು ಎರಡು ಸಲ ಕೂತೆ. ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದು ಬರೆದು ಪೆನ್ನು ಕೆಳಗಿಟ್ಟೆ. ಕೊಂಬಿನಿ ಅಂಗಡಿಯಲ್ಲಿ ಯಾರದೋ ಪಕ್ಕದಿಂದ ನುಸುಳುವಾಗ ದಿನಕ್ಕೆ ಹತ್ತು ಸಲ ಅನ್ನುವ ಮಾತದು. ನಿಮ್ಮ ಸಾವಿನ ಮುಂದೆ ಅದನ್ನೇ ಇಡಲು ನನಗೆ ನಾಚಿಕೆಯಾಯಿತು.

ನಾನು ಮೊದಲು ನಿಮ್ಮ ಗದ್ದೆಗೆ ಬಂದದ್ದು ಕೊರೊನಾಕ್ಕಿಂತ ಮುಂಚಿನ ಶರತ್ಕಾಲದಲ್ಲಿ. ಹಿಂದಿನ ರಾತ್ರಿ ಕಾಡುಹಂದಿಗಳು ಬೆಟ್ಟದಿಂದ ಇಳಿದು ಬೆಳೆದು ನಿಂತ ಭತ್ತದಲ್ಲಿ ಹೊರಳಾಡಿ ಹೋಗಿದ್ದವು. ನೀವು ಒಂದು ತೆನೆ ಕಿತ್ತು ನನ್ನ ಮೂಗಿನ ಹತ್ತಿರ ಹಿಡಿದು, "ಮೂಸಿ ನೋಡು. ಈ ವಾಸನೆ ಅನ್ನದಲ್ಲೂ ಉಳಿಯುತ್ತೆ. ಯಾರು ಉಣ್ತಾರೆ?" ಎಂದಿರಿ. ನಿಮಗಾಗ ಎಪ್ಪತ್ತನಾಲ್ಕು. ಊರಿನ ಬೇಟೆಗಾರರ ಸಂಘದಲ್ಲಿ ಒಂಬತ್ತೇ ಜನ ಉಳಿದಿದ್ದರು, ಅವರಲ್ಲಿ ಅರವತ್ತಮೂರರವರೇ ಎಲ್ಲರಿಗಿಂತ ಚಿಕ್ಕವರು. ಅಂಥವರ ಕೆಲಸ ಹಗುರ ಮಾಡಲು ವಿಶ್ವವಿದ್ಯಾಲಯ ಕಳಿಸಿದ್ದು ಮೊಟ್ಟೆಯನ್ನೂ ತಿನ್ನದ ನನ್ನನ್ನು! ಅಮ್ಮನಂತೂ ಬಿಡಲಿಲ್ಲ. "ಹಂದಿ ಹಿಡಿಯೋಕೆ ಜಪಾನ್‌ವರೆಗೂ ಹೋಗ್ಬೇಕಿತ್ತೇನೇ? ಇಲ್ಲಿ ಕಾರ್ಪೊರೇಷನ್ನೋರೇ ಹಿಡೀತಾರಲ್ಲ" ಎಂದಳು. ಅದನ್ನು ನಿಮಗೆ ಅನುವಾದಿಸಿ ಹೇಳಿದಾಗ ನೀವು ಟೋಪಿ ತೆಗೆದು ನಗುತ್ತಾ ಗದ್ದೆಯ ಬದುವಿನ ಮೇಲೆ ಕೂತುಬಿಟ್ಟಿರಿ.

ಬೋನಿನ ವಿದ್ಯೆಯನ್ನು ನನಗೆ ಕಲಿಸಿದವರು ನೀವು. ಕಬ್ಬಿಣದ ದೊಡ್ಡ ಬೋನಿನ ಬಾಗಿಲನ್ನು, ಎಳೆದರೆ ಬೀಳುವ ಹಾಗೆ, ಹಗ್ಗದಿಂದ ಎತ್ತಿ ಕಟ್ಟಿ, ಮೊದಲು ಹೊರಗೆ, ಆಮೇಲೆ ಹೊಸ್ತಿಲಲ್ಲಿ, ಆಮೇಲೆ ಒಳಗೆ ಅಕ್ಕಿ ತೌಡು ಸುರಿಯುತ್ತಾ ಹೋಗಬೇಕು. ಮರಿಗಳು ಎರಡೇ ದಿನಕ್ಕೆ ಒಳಗೆ ಬರುತ್ತವೆ. ಅವುಗಳ ಬೆನ್ನಿನ ಪಟ್ಟೆ ನಮ್ಮ ಮಂಗಳೂರು ಸೌತೆಯ ಪಟ್ಟೆಯ ಹಾಗೇ ಇರುತ್ತದೆ. ತಾಯಿ ಮಾತ್ರ ವಾರಗಟ್ಟಲೆ ಹೊರಗೇ ನಿಂತು ಅನುಮಾನಿಸುತ್ತದೆ. "ತಾಯಿ ಒಳಗೆ ಬರೋವರೆಗೂ ಹಗ್ಗ ಮುಟ್ಟಬಾರದು. ಮರಿಗಳನ್ನ ಮಾತ್ರ ಹಿಡಿದರೆ ಅದು ಜನ್ಮದಲ್ಲಿ ಬೋನಿಗೆ ಕಾಲಿಡಲ್ಲ. ಅದೂ ಅಲ್ಲದೆ, ಮರಿ ಒಳಗೆ, ತಾಯಿ ಹೊರಗೆ ಇರೋ ಬೋನಿನ ಹತ್ತಿರ ಯಾರೂ ಹೋಗಬಾರದು" ಎಂದು ಎಷ್ಟು ಸಲ ಹೇಳಿದಿರಿ! ಕೊಂದ ಮೇಲೆ ಪ್ರತಿ ಹಂದಿಯ ಮೈಮೇಲೂ ಒಂದು ಹಸಿರೆಲೆಯ ಟಿಸಿಲು ಇಟ್ಟು ತಲೆಬಾಗುತ್ತಿದ್ದಿರಿ. ನಾನು ಅಷ್ಟು ದೂರ ನಿಂತು, ಮುಖ ತಿರುಗಿಸಿಕೊಂಡು ಕೈಮುಗಿಯುತ್ತಿದ್ದೆ. ಆಮೇಲೆ ನಿಮ್ಮ ಮನೆಯಲ್ಲಿ ಊಟ. ಸಾರಿಗೆ ಒಣಮೀನು ಹಾಕಬೇಡ, ಬರೀ ಕಡಲಪಾಚಿ ಹಾಕು ಎಂದು ಒಳಗಿದ್ದ ನಿಮ್ಮ ಹೆಂಡತಿ ಫುಮಿಕೊ ಸಾನ್‌ಗೆ ಕೂಗಿ ಹೇಳುವುದನ್ನು ನೀವು ಒಂದು ಸಲವೂ ಮರೆತವರಲ್ಲ.

ನಿಮ್ಮ ಕೈಯಲ್ಲಿದ್ದ ಹಗ್ಗವನ್ನು ನನ್ನ ಹೆಬ್ಬೆರಳಿಗೆ ತಂದದ್ದೇ ನನ್ನ ಸಂಶೋಧನೆ. ಬೋನಿಗೆ ಕ್ಯಾಮೆರಾ, ಬಾಗಿಲಿಗೆ ಮೋಟಾರು, ನನ್ನ ಫೋನಿನಲ್ಲಿ ಒಂದು ಕೆಂಪು ಗುಂಡಿ. ಮುದುಕರು ಚಳಿಯಲ್ಲಿ ಕಾದು ಕೂರಬೇಕಾಗಿಲ್ಲ ಎಂದು ಎದೆಯುಬ್ಬಿಸಿ ಹೇಳಿದ್ದೆ. ಕೊರೊನಾ ಬಂದ ಮೇಲೆ ಕ್ಯಾಂಪಸ್ ಬಿಟ್ಟು ಹಳ್ಳಿಗಳಿಗೆ ಹೋಗಕೂಡದೆಂದು ನಮಗೆ ಅಪ್ಪಣೆಯಾಯಿತು. ನಾನು ಹಾಸ್ಟೆಲ್ ಕೋಣೆಯಲ್ಲಿ ಗುಂಡಿ ಹಿಡಿದು ಕೂತೆ, ನೀವು ಅಲ್ಲಿ ಮಾಸ್ಕ್ ಹಾಕಿಕೊಂಡು ಒಬ್ಬರೇ ತೌಡು ಸುರಿದಿರಿ. ಬಾಗಿಲು ಬಿದ್ದ ಮೇಲೆ ಎಂಟು ಗಂಟೆಗೆ ಟೌನ್ ಆಫೀಸಿನವರು ಬರಬೇಕು, ಅವರ ಜೊತೆಗೇ ನೀವು ಬೋನಿಗೆ ಹೋಗಬೇಕು ಎಂಬುದು ನಿಯಮ.

ಕಳೆದ ವರ್ಷದ ಮೇ ತಿಂಗಳಲ್ಲಿ ಅಮ್ಮನಿಗೆ ಕೊರೊನಾ ಹಿಡಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ ಮಲಗಿಸಿದ್ದರು. ತಮ್ಮ ಶ್ರೀಹರಿ ಹೊರಗಿನ ಬೆಂಚಿನಲ್ಲಿ, ನಾನು ಇಲ್ಲಿ. ವಿಷಯ ತಿಳಿದು ನೀವು ಫೋನ್ ಮಾಡಿ, "ಈ ವಾರ ಹಗ್ಗ ಕಟ್ಟಿಕೊಂಡು ನಾನೇ ಕೂರ್ತೀನಿ, ನೀನು ಅಮ್ಮನ ಕಡೆ ನೋಡು" ಎಂದಿರಿ. ಬೇಡ, ಕೆಲಸವಿದ್ದರೆ ಮನಸ್ಸು ಸ್ಥಿಮಿತದಲ್ಲಿರುತ್ತದೆ ಎಂದು ಹಟ ಮಾಡಿದವಳು ನಾನೇ.

ನೀವು ತೌಡು ಸುರಿಯತೊಡಗಿದ ಹದಿನಾರನೆಯ ಬೆಳಿಗ್ಗೆ, ಐದು ಗಂಟೆಗೆಲ್ಲ ಬೆಳಕು ಹರಿದಿತ್ತು. ಐದು ಮರಿಗಳು ಒಳಗಿದ್ದವು. ಅವುಗಳ ಹಿಂದೆ, ಒಂದೊಂದೇ ಹೆಜ್ಜೆ ಇಡುತ್ತಾ, ಕೊನೆಗೂ ತಾಯಿ ಬಂತು. ಅದೇ ಹೊತ್ತಿಗೆ ಪರದೆಯ ಮೇಲ್ತುದಿಯಲ್ಲಿ ತಮ್ಮನ ಮೆಸೇಜು ಇಳಿಯಿತು: "ಅಕ್ಕಾ, ಅಮ್ಮಂಗೆ ಆಕ್ಸಿಜನ್ ಲೆವೆಲ್ ಇಳೀತಿದೆ. ಏನೂ ಹೇಳಕ್ಕಾಗಲ್ಲ ಅಂತಿದಾರೆ." ಅದರ ಕೆಳಗೆ ಆ ತಾಯಿ ಮೂತಿಯಿಂದ ತೌಡನ್ನು ಮರಿಗಳ ಕಡೆ ತಳ್ಳುತ್ತಿತ್ತು. ಪೂರ್ತಿ ನಾಲ್ಕು ನಿಮಿಷ ಅದು ಒಳಗಿತ್ತು, ಕಿತಾಮುರಾ ಸಾನ್. ನನ್ನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಾಗಲಿಲ್ಲ. ಒಂದು ತಾಯಿಯನ್ನು ಇಲ್ಲಿ ಬಿಟ್ಟರೆ ಇನ್ನೊಂದು ತಾಯಿ ಅಲ್ಲಿ ಉಳಿಯುತ್ತಾಳೆ ಎಂದು, ಲೆಕ್ಕ ವಿಜ್ಞಾನ ಎಲ್ಲಾ ಓದಿದ ನಾನು, ಹರಕೆ ಹೊರುವವಳಂತೆ ಕೂತಿದ್ದೆ.

ಅದು ನಿಧಾನವಾಗಿ ಹೊರಗೆ ಹೋಯಿತು. ಆಗ ನನಗೆ ಎಚ್ಚರವಾಯಿತು. ನೀವು ಹದಿನಾರು ದಿನ ಸುರಿದ ತೌಡು, ಬಾಗಿದ ನಿಮ್ಮ ಬೆನ್ನು, ಮುಂದಿನ ವಾರದ ನಾಟಿ, ಎಲ್ಲ ಕಣ್ಣ ಮುಂದೆ ಬಂದವು. ಬೋನು ಖಾಲಿ ಎಂದು ನಿಮಗೆ ಹೇಗೆ ಹೇಳಲಿ? ಮರಿಗಳು ಇನ್ನೂ ತಿನ್ನುತ್ತಿದ್ದವು. ಒತ್ತಿಬಿಟ್ಟೆ. ಒತ್ತಬೇಕಾದಾಗ ಒತ್ತಲಿಲ್ಲ, ಒತ್ತಬಾರದಾಗ ಒತ್ತಿದೆ. ಬಾಗಿಲು ಬಿದ್ದ ಸಂದೇಶ ನಿಮಗೂ ಹೋಯಿತು, ಕೂಡಲೇ ನಿಮ್ಮ ಫೋನು ಬಂತು. "ತಾಯಿ ಒಳಗಿದೆಯಾ?" ಎಂದಿರಿ. ನಾನು, "ಇದೆ. ಆರೂ ಒಳಗಿವೆ" ಎಂದೆ. ಎಂಟು ಗಂಟೆಯೊಳಗೆ ಹೇಗಾದರೂ ನಿಜ ಹೇಳಿಬಿಡುತ್ತೇನೆ ಎಂದುಕೊಂಡಿದ್ದೆ. ನೀವು, "ಸರಿ. ನೀನು ಮಲಗು" ಎಂದು ಫೋನು ಇಟ್ಟಿರಿ.

ನೀವು ಎಂಟರವರೆಗೆ ಕಾಯಲಿಲ್ಲ. ಆರು ಗಂಟೆಗೇ ಒಬ್ಬರೇ ಹೋದಿರಿ. ಆಫೀಸಿನವರು ಬಂದಾಗ ನೀವು ಬೋನಿನ ಪಕ್ಕದಲ್ಲಿ ಬಿದ್ದಿದ್ದಿರಿ, ತೊಡೆ ಸೀಳಿತ್ತು, ರಕ್ತವೆಲ್ಲ ಹರಿದುಹೋಗಿತ್ತು. ಬಾಗಿಲು ಮೊಣಕಾಲೆತ್ತರಕ್ಕೆ ಎದ್ದಿತ್ತು, ಬೋನು ಖಾಲಿಯಾಗಿತ್ತು. ನಿಮ್ಮ ಬಂದೂಕು ಮನೆಯ ಕಪಾಟಿನಲ್ಲೇ ಬೀಗದೊಳಗಿತ್ತು. ಐವತ್ತು ವರ್ಷದ ಅನುಭವಿ ಹೀಗೇಕೆ ಮಾಡಿದರು ಎಂದು ಸಂಘದವರಿಗೆ ಯಾರಿಗೂ ಅರ್ಥವಾಗಲಿಲ್ಲ. ಅಂತ್ಯಕ್ರಿಯೆಗೆ ಮನೆಯವರು ಮಾತ್ರ ಎಂದಿದ್ದರು. ಅಪ್ಪಣೆ ಮೀರಿ ಸೈಕಲ್ ತುಳಿದು ಬಂದು ನಿಮ್ಮ ಬೇಲಿಯಾಚೆ ನಿಂತೆ. ಒಳಗೆ ಬಂದು ಅಳುವ ಹಕ್ಕು ನನಗಿರಲಿಲ್ಲ.

ಅಮ್ಮ ಗುಣವಾಗಿ ಮನೆಗೆ ಬಂದಳು. ನಿಮ್ಮ ವಿಷಯ ಹೇಳಿದರೆ, "ನನ್ನ ಆಯುಸ್ಸು ಅವರಿಗೆ ಹೋಗ್ಬಾರ್ದಿತ್ತೇನೇ" ಎಂದು ಅತ್ತಳು. ಅವಳಿಗೂ ಅರ್ಧವನ್ನೇ ಹೇಳಿದ್ದೆ. ವಿಚಾರಣೆಯ ವರದಿಯಲ್ಲಿ, ಕ್ಯಾಮೆರಾಕ್ಕೆ ಎಲೆ ಅಡ್ಡ ಬಂದು ಎಣಿಕೆ ತಪ್ಪಿರಬಹುದು ಎಂದು ಯಾರೋ ಬರೆದರು. ನಾನು ಬಾಯಿ ಬಿಡಲಿಲ್ಲ. ಆ ಸಾಲಿನ ಮರೆಯಲ್ಲಿ ನನಗೆ ಡಾಕ್ಟರೇಟ್ ಬಂತು, ಸೆಂಡಾಯ್‌ನಲ್ಲಿ ಕೆಲಸವೂ ಸಿಕ್ಕಿತು. ಪೂರ್ತಿ ವಿಡಿಯೋ ಮಾತ್ರ ನನ್ನ ಹತ್ತಿರವೇ ಇತ್ತು. ಅಳಿಸಲೂ ಕೈ ಬರಲಿಲ್ಲ, ತೋರಿಸಲೂ ಬರಲಿಲ್ಲ.

ನಿನ್ನೆ ಸೆಂಡಾಯ್‌ನಿಂದ ಇಲ್ಲಿಗೆ ಬಂದು, ಮಧ್ಯಾಹ್ನ ನಿಮ್ಮ ಮನೆಗೆ ಹೋಗಿದ್ದೆ. ಫುಮಿಕೊ ಸಾನ್ ಚಹಾ ಇಟ್ಟರು. ನಾನು ಕಪ್ಪು ಮುಟ್ಟದೆ, ತಲೆ ಬಗ್ಗಿಸಿಕೊಂಡು ಎಲ್ಲವನ್ನೂ ಹೇಳಿದೆ. ಆಚೆ ಹೋಗು ಎನ್ನುತ್ತಾರೆಂದು ಕಾದೆ. ಅವರು ನನ್ನ ಕಪ್ಪನ್ನು ಇನ್ನಷ್ಟು ಹತ್ತಿರ ಸರಿಸಿ ಹೇಳಿದರು: "ಅವರಿಗೆ ಗೊತ್ತಿತ್ತು. ನಿನ್ನ ಫೋನು ಇಟ್ಟ ಮೇಲೆ ಇಲ್ಲೇ ಕೂತು ಬೂಟು ಹಾಕಿಕೊಳ್ತಾ ಅಂದರು, ಆ ಹುಡುಗಿ ದನಿ ನಡುಗ್ತಿದೆ, ತಾಯಿ ಹೊರಗಿದೆ ಅಂತ. ಮತ್ತೆ ಯಾಕೆ ಹೋಗ್ತೀರಿ ಅಂದೆ. ಆಫೀಸಿನವರು ಬರೋದರೊಳಗೆ ಬಾಗಿಲೆತ್ತಿ ಮರಿಗಳನ್ನ ಬಿಟ್ಟುಬಿಡ್ತೀನಿ, ಮಷೀನು ಕೈಕೊಟ್ಟಿತು ಅಂತ ಹೇಳ್ತೀನಿ, ಅಮ್ಮ ಆಸ್ಪತ್ರೇಲಿರೋವಾಗ ಆ ಮಗು ಬೈಗುಳ ತಿನ್ನೋದು ಬೇಡ ಅಂದರು. ಹಿಡಿಯೋಕೆ ಹೋಗ್ತಿಲ್ಲವಲ್ಲ ಅಂತ ಬಂದೂಕೂ ಮುಟ್ಟಲಿಲ್ಲ."

ನನ್ನ ಹೆಸರು ಬರಬಾರದೆಂದು ಅವರೂ ಇಷ್ಟು ದಿನ ಬಾಯಿ ಬಿಡಲಿಲ್ಲವಂತೆ. ನನ್ನೊಬ್ಬಳ ಸುಳ್ಳನ್ನು ನೀವಿಬ್ಬರೂ ಕಾಪಾಡಿದಿರಿ. ನಾನು ಅಲ್ಲೇ ನೆಲಕ್ಕೆ ಹಣೆ ಹಚ್ಚಿ ಅತ್ತುಬಿಟ್ಟೆ. ಫುಮಿಕೊ ಸಾನ್ ಎಬ್ಬಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಹೊರಡುವಾಗ, ನಾಳೆ ಸಂಘದವರು ಕೊಂದ ಪ್ರಾಣಿಗಳಿಗಾಗಿ ದೇವಸ್ಥಾನದಲ್ಲಿ ಪ್ರಾರ್ಥನೆ ಮಾಡುತ್ತಾರೆ, ಕೊರೊನಾದಿಂದ ನಿಂತದ್ದು ಮತ್ತೆ ಶುರುವಾಗಿದೆ ಎಂದರು. ಇವತ್ತು ಅಲ್ಲಿಗೆ ಹೋಗಿದ್ದೆ. ಪ್ರಾರ್ಥನೆ ಮುಗಿದ ಮೇಲೆ ವಿಡಿಯೋವನ್ನು ಸಂಘದವರ ಎದುರಿಗೇ ಟೌನ್ ಆಫೀಸಿನವರ ಕೈಗೆ ಕೊಟ್ಟೆ. ವರದಿಯಲ್ಲಿರುವ ಎಲೆಯ ಸಾಲನ್ನು ಹೊಡೆದುಹಾಕಿ ಎಂದೆ. ಡಿಗ್ರಿ, ಕೆಲಸ ಏನಾಗುತ್ತದೋ ನೋಡಬೇಕು.

ಆ ತಾಯಿ ಇನ್ನೂ ಬೆಟ್ಟದಲ್ಲಿದೆಯಂತೆ. ಈ ವರ್ಷವೂ ಮರಿ ಹಾಕಿದೆ. ನೀವು ಹೇಳಿದ ಹಾಗೇ ಬೋನಿನ ಹತ್ತಿರ ಸುಳಿಯುವುದಿಲ್ಲ.

ನೀವು ಎಲ್ಲಿದ್ದರೂ ನಿಮ್ಮ ಗದ್ದೆಯ ಅನ್ನ ಘಮಘಮ ಅನ್ನುತ್ತಿರಲಿ, ನಿಮಗೆ ಒಳ್ಳೆಯ ನಿದ್ದೆ ಇರಲಿ. ಆ ಬೆಳಿಗ್ಗೆ ನೀವು ಫೋನಿನಲ್ಲಿ ಕೇಳಿದ್ದಕ್ಕೆ ಉತ್ತರವನ್ನು ಕೊನೆಗೆ ಇಲ್ಲಿ ಬರೆಯುತ್ತಿದ್ದೇನೆ.

ಐದು ಮರಿ ಒಳಗಿವೆ. ತಾಯಿ ಹೊರಗಿದೆ. ನಾನೇ ತಪ್ಪು ಮಾಡಿದೆ. ಹೋಗಬೇಡಿ, ಕಿತಾಮುರಾ ಸಾನ್.

ನಿಮ್ಮ,
ಬಿಶಾ