ಚೀಲದ ಗಂಟು

ಮನೆಯಿಂದ,
ಮಾರ್ಚ್ 11, ಮಂಗಳವಾರ ಮಧ್ಯಾಹ್ನ

ನನ್ನ ಜಗಮೊಂಡಿ ಮಗಳೇ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಹೊತ್ತು ಹೊತ್ತಿಗೆ ಉಣ್ಣುತ್ತೀಯೋ, ಇಲ್ಲಾ ಆ ಬಟ್ಟೆ ಅಂಗಡಿಯಲ್ಲಿ ಬರಿಹೊಟ್ಟೆಯಲ್ಲೇ ದಿನವಿಡೀ ನಿಂತಿರುತ್ತೀಯೋ? ಫೋನ್ ಮಾಡಿದರೆ ‘ಹ್ಞೂಂ, ಚೆನ್ನಾಗಿದ್ದೀನಿ’ ಅಂತ ಇಟ್ಟೇಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ಇದನ್ನು ಹೇಗೆ ಕಟ್ ಮಾಡುತ್ತೀಯೋ ನೋಡೋಣ.

ನಿಮ್ಮಪ್ಪನ ಗಾಯ ಪೂರ್ತಿ ಮಾಯ್ದಿದೆ. ಬಲಗೈ ಹೆಬ್ಬೆರಳಿದ್ದ ಜಾಗದಲ್ಲಿ ಚರ್ಮ ನುಣ್ಣಗಾಗಿದೆ. ಅಂಗಿಯ ಗುಂಡಿ ಹಾಕಲು ನಾನೇ ಬೇಕು. ಮದುವೆಯಾಗಿ ಮೂವತ್ತು ವರ್ಷಕ್ಕೆ ನನ್ನೆದುರು ಸುಮ್ಮನೆ ನಿಲ್ಲುವುದನ್ನು ಕಲಿತಿದ್ದಾರೆ, ಪುಣ್ಯಾತ್ಮ! ಆದರೆ ಯಾರಾದರೂ ‘ಹಾವು’ ಅಂತ ಬಾಗಿಲು ತಟ್ಟಿದರೆ ಮುಗಿಯಿತು, ಚಪ್ಪಲಿ ಮೆಟ್ಟಿ ಹೊರಟೇ ಬಿಡುತ್ತಾರೆ.

ಹೋದ ಗುರುವಾರ ಶಾಲೆಯ ಹಳೆ ಬೆಂಚುಗಳ ಕೋಣೆಯಲ್ಲಿ ನಾಗರಹಾವು ಸೇರಿಕೊಂಡಿತ್ತು. ‘ಮಕ್ಕಳಿದ್ದಾರೆ ಕಣೇ’ ಎಂದು ಒಬ್ಬರೇ ಹೋದರು. ಕೊಕ್ಕೆಯಲ್ಲಿ ಎತ್ತುವಾಗ ಹಿಡಿತ ನಿಲ್ಲದೆ ಹಾವು ಕಾಲ ಬಳಿಯೇ ಬಿದ್ದು ಹೊಡೆಯಿತಂತೆ. ಹಲ್ಲು ಪ್ಯಾಂಟಿನ ಮಡಿಕೆಗೆ ಸಿಕ್ಕಿತು, ಕಾಲಿಗೆ ತಾಗಲಿಲ್ಲ. ಬಟ್ಟೆಯ ಮೇಲೆ ವಿಷದ ಹಳದಿ ಕಲೆ. ಅದನ್ನು ಒಗೆಯುವಾಗ ನನ್ನ ಜೀವ ಬಾಯಿಗೆ ಬಂತು. ಮೊದಲಾದರೆ ಹಾವು ತುಂಬುವ ಚೀಲದ ಬಾಯಿ ನೀನು ಹಿಡಿಯುತ್ತಿದ್ದೆ, ಗಂಟು ನೀನು ಹಾಕುತ್ತಿದ್ದೆ. ಈಗ ಚೀಲವನ್ನು ಮೊಣಕಾಲಿನಿಂದ ಗೋಡೆಗೊತ್ತಿ ಹಲ್ಲಿನಲ್ಲಿ ದಾರ ಎಳೆಯುತ್ತಾರೆ. ಹಲ್ಲಿನಲ್ಲಿ! ಹೋದ ಸಲದ ವಿಷಕ್ಕೆ ಮೂತ್ರಪಿಂಡವೂ ಸೊರಗಿದೆ. ಇನ್ನೊಮ್ಮೆ ಕಚ್ಚಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಡಾಕ್ಟರು ನನಗೆ ನೇರವಾಗಿಯೇ ಹೇಳಿದ್ದಾರೆ.

ನೀನು ಯಾಕೆ ಮನೆ ಬಿಟ್ಟೆ ಎಂದು ನನಗೆ ಗೊತ್ತು. ಕೊಳಕುಮಂಡಲವನ್ನು ಚೀಲಕ್ಕೆ ಹಾಕಿ ಕಟ್ಟಿದ್ದು ನೀನು. ಕಾಡಿಗೆ ಬಿಡಲು ನಿಮ್ಮಪ್ಪ ಚೀಲವನ್ನು ಮೊಳೆಯಿಂದ ಇಳಿಸಿದಾಗ ಗಂಟು ಬಿಚ್ಚಿಕೊಂಡು ಕಚ್ಚಿತು. ಕಟ್ಟಿದವರ ಹೊರತು ಇನ್ನೊಬ್ಬರು ಗಂಟು ಮುಟ್ಟಕೂಡದು ಎಂಬುದು ಮನೆಯ ಕಟ್ಟಳೆ, ಹಾಗಾಗಿ ಯಾರೂ ಬೇರೆ ಯೋಚನೆಯನ್ನೇ ಮಾಡಲಿಲ್ಲ. ಆಸ್ಪತ್ರೆಯಲ್ಲಿ ‘ನನ್ನಿಂದಲೇ ಅಪ್ಪನ ಬೆರಳು ಹೋಯ್ತು’ ಎಂದು ನೀನು ಅತ್ತದ್ದು ಇನ್ನೂ ಕಿವಿಯಲ್ಲಿದೆ. ಅವರು ನಿನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನೀನು ಇಲ್ಲೇ ಇರುತ್ತಿದ್ದೆಯೇನೋ.

ಮೈ ಕಡೆ ನೋಡಿಕೋ. ಎಲ್ಲಿದ್ದರೂ ತಣ್ಣಗಿರು ಮಗಳೇ.

ನಿನ್ನ
ಅಮ್ಮ

ವಿ.ಸೂ.: ಲಕೋಟೆ ಅಂಟಿಸಿದವಳು ಮತ್ತೆ ಹರಿದೆ. ನಿನ್ನ ಗಂಟು ಸಡಿಲ ಇರಲಿಲ್ಲ. ಆ ದಿನ ಬಟ್ಟೆ ನೆನೆಹಾಕುತ್ತಿದ್ದೆ. ಚೀಲ ಮೊಳೆಯಲ್ಲಿ ಅಲ್ಲಾಡದೆ ಇತ್ತು, ಖಾಲಿ ಎಂದುಕೊಂಡು ಒಗೆಯಲು ಬಿಚ್ಚಿದೆ. ಒಳಗೆ ಬುಸ್ಸೆಂದಿತು. ಅವಸರದಲ್ಲಿ ಹೇಗೋ ದಾರ ಸುತ್ತಿ ಮೊಳೆಗೆ ಹಾಕಿದೆ. ಬೈಸಿಕೊಳ್ಳಬೇಕಲ್ಲ ಎಂದು ಆಗ ಬಾಯಿ ಬಿಡಲಿಲ್ಲ, ಆಮೇಲೆ ಬಾಯೇ ಬರಲಿಲ್ಲ. ಎಂಟು ತಿಂಗಳು ನಿನ್ನನ್ನು ಅಳಲು ಬಿಟ್ಟ ಪಾಪಿ ನಾನು. ಇವತ್ತು ಬೆಳಿಗ್ಗೆ ನಿಮ್ಮಪ್ಪನಿಗೆ ಹೇಳಿದೆ. ‘ಮೊದಲು ಅವಳಿಗೆ ಬರಿ’ ಎಂದರು. ನನ್ನ ಮುಖ ನೋಡದಿದ್ದರೂ ಸರಿ, ಇನ್ನೊಬ್ಬರು ‘ಹಾವು’ ಅಂತ ಬಾಗಿಲು ತಟ್ಟುವ ಮೊದಲು ಮನೆಗೆ ಬಾ.