ಹದಿನೈದನೇ ತಾರೀಖಿನ ಸೂರ್ಯ

೧೪ ಜುಲೈ, ಸೋಮವಾರ. ಮಧ್ಯಾಹ್ನ ೧.೨೦
ದಿನ ೨೮೭. ಕಮಲಾಪುರ, ಶಾಲೆಯ ಪಕ್ಕದ ಅಣವೀರಪ್ಪನವರ ಮಾಳಿಗೆ. ತಗಡಿನ ಛಾವಣಿ ಸರಿಸಿ ಊಟದ ಬಿಡುವೆಲ್ಲ ಕಾದೆ. ಮೋಡ ಸರಿದದ್ದು ಎರಡೇ ನಿಮಿಷ — ಸಾಕು. ಟೆಲಿಸ್ಕೋಪಿನಿಂದ ಹಾಳೆಯ ಮೇಲೆ ಸೂರ್ಯನ ಬಿಂಬ ಬಿತ್ತು, ಕಲೆಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಐದು. ಅಕ್ಟೋಬರ್ ಒಂದರಿಂದ ಒಂದು ದಿನವೂ ತಪ್ಪಿಲ್ಲ. ೩೬೫ ಮುಟ್ಟಿಸಿಯೇ ಬಿಡುತ್ತೇನೆ, ಈ ಹಾಳು ಮಳೆಗಾಲ ಏನು ಬೇಕಾದರೂ ಮಾಡಿಕೊಳ್ಳಲಿ.

ನಾಳೆ ಅಮ್ಮಿಯ ಕಣ್ಣಿನ ಆಪರೇಷನ್, ಕಲಬುರಗಿಯಲ್ಲಿ. ಶಾಲೆಗೆ ರಜೆ ಹಾಕಿದ್ದೇನೆ. ನಾಳೆಯ ಚಿತ್ರ ಅಣವೀರಪ್ಪನವರ ಪಾಲಿಗೆ. ಬಾಳೆತೋಟದ ಮನುಷ್ಯ, ಆದರೆ ಗೆರೆ ನನ್ನದಕ್ಕಿಂತ ನೇರ. "ಬೇಫಿಕರ್ ಹೋಗ್ರಿ ಮೆಹರೀನ್ ಟೀಚರ್" ಎಂದರು.

೧೫ ಜುಲೈ. ಸಂಜೆ, ಕಲಬುರಗಿ, ಸೇಡಂ ರಸ್ತೆಯ ಆಸ್ಪತ್ರೆ
ಆಪರೇಷನ್ ಸುಸೂತ್ರ. ಇಡೀ ದಿನ ಮೋಡ, ಜಿಟಿಜಿಟಿ. ಆಸ್ಪತ್ರೆಯ ಕಿಟಕಿ ಬಿಟ್ಟು ಕದಲಲಿಲ್ಲ ನಾನು. ಅಮ್ಮಿ ಒಂದೇ ಕಣ್ಣಲ್ಲಿ ನೋಡಿ ನಕ್ಕಳು: "ಸೂರಜ್ ಕಿಧರ್ ಭಾಗ್ತಾ ಬೇಟಾ?" ಸೂರ್ಯ ಎಲ್ಲಿಗೆ ಓಡಿಹೋಗ್ತಾನೆ ಅಂತ.

ಐದೂವರೆಗೆ ಅಣವೀರಪ್ಪನವರ ಫೋನ್ — "ಆತ್ರಿ. ಐದ ಅವ." ಎದೆ ಹಗುರಾಯಿತು.

೧೬ ಜುಲೈ. ಮಧ್ಯಾಹ್ನ ೧.೩೦
ನಿನ್ನೆಯ ಹಾಳೆ. ಐದು ಕಲೆ, ಅಚ್ಚುಕಟ್ಟು. ಎಲ್ಲವೂ ಸೋಮವಾರದ ಜಾಗದಲ್ಲೇ... ಕೂದಲೆಳೆಯಷ್ಟೂ ಕದಲಿಲ್ಲ. ಸೂರ್ಯ ತಿರುಗುತ್ತಾನೆ, ಕಲೆಗಳು ದಿನಕ್ಕಿಷ್ಟು ಸರಿಯಲೇಬೇಕು. ಇದನ್ನು ಅವರಿಗೆ ಹೇಳಿಕೊಟ್ಟೇ ಇಲ್ಲ ನಾನು!

ಕೇಳಿದೆ. ಹೆಗಲ ಮೇಲಿನ ಟವೆಲ್ ತಿರುಚುತ್ತ ನಿಂತರು.

"ಮುಂಜಾನಿಂದ ಕುಂತೀನ್ರಿ. ಸೂರ್ಯ ಬರ್ಲೇ ಇಲ್ಲ. ನಿಮ್ಮ ಸಾಲು ನನ್ನ ಕೈಯಾಗ ತಪ್ಪಬಾರ್ದಂತ ಹಿಂದಿನ ಹಾಳಿ ನೋಡಿ ತೆಗದೆ. ಯಾರಿಗಿ ಗೊತ್ತಾಗ್ತದರಿ?"

"ನನಗ ಗೊತ್ತಾತಲ್ರಿ ಕಾಕಾ."

ಸಿಟ್ಟು ಬಂತು. ಅದಕ್ಕಿಂತ ದೊಡ್ಡದು ಆಸೆ. ರಬ್ಬರಿನಲ್ಲಿ ಅಳಿಸಿ ಕಲೆಗಳನ್ನು ಒಂದಿಷ್ಟು ಪಕ್ಕಕ್ಕೆ ಹಾಕಿದರೆ ಯಾರಿಗೂ ಸುಳಿವು ಸಿಗದು. ಎಷ್ಟು ಪಕ್ಕಕ್ಕೆ ಎಂದೂ ಗೊತ್ತು. ರಬ್ಬರ್ ಹಿಡಿದು ಹತ್ತು ನಿಮಿಷ ಕೂತೆ. ನಾಚಿಕೆಯಾಯಿತು. ಹಾಳೆಗೆ ಅಡ್ಡ ಗೀಟು ಎಳೆದು ಬರೆದೆ: ಮೋಡ. ಕಾಣಲಿಲ್ಲ.

೨೮೭ ಅಲ್ಲಿಗೇ ನಿಂತಿತು. ಅಳು ಬಂತು, ಅತ್ತೆ. ಬೆಲ್ ಹೊಡೆಯಿತು. ಏಳನೇ ಕ್ಲಾಸಿಗೆ ಹೋದೆ.

೧೬ ಜುಲೈ. ಸಂಜೆ ೪.೫೦
ಪಡುವಣದಲ್ಲಿ ಮೋಡ ಹರಿದಿದೆ. ಹೊಸ ಹಾಳೆ. ಮೇಲೆ ಬರೆದೆ — ದಿನ ೧. ಹೇಳುವ ಮೊದಲೇ ಅಣವೀರಪ್ಪನವರು ತಗಡು ಸರಿಸಿದರು. "ಎಷ್ಟ್ ಸರದಾವ, ತೋರಸ್ರಿ" ಎಂದು ಪಕ್ಕದಲ್ಲೇ ಕೂತಿದ್ದಾರೆ. ಬಿಂಬ ಬಿತ್ತು. ಮೊದಲನೆಯದು ಸರಿದಿದೆ. ಎರಡನೆಯದೂ. ಮೂರನೆಯದೂ.